ಹಂಪಿಯ ಆಚೆ, ಕೊಪ್ಪಳ ಸೀಮೆಯಲ್ಲಿ ಏನೇನು ನೋಡಬಹುದು?

ಪ್ರಶ್ನೆ:
ಹಂಪಿಗೆ ನಾಲ್ಕು ಬಾರಿ ಹೋಗಿ ಬಂದಿದ್ದೇನೆ. ಪ್ರತಿ ಸಲವೂ ವಿರೂಪಾಕ್ಷನ ಗುಡಿಯಿಂದ ವಿಜಯವಿಠ್ಠಲನ ಗುಡಿಯವರೆಗೆ ಅದೇ ದಾರಿ, ಅದೇ ಜನಸಂದಣಿ. ಈ ಡಿಸೆಂಬರಿನಲ್ಲಿ 70 ದಾಟಿದ ತಂದೆಯವರೊಡನೆ ಮೂರು ದಿನ ತುಂಗಭದ್ರೆಯ ಆಚೆಯ ಹಳ್ಳಿಗಳಲ್ಲಿ ಸುತ್ತಾಡಬೇಕೆಂದಿದ್ದೇನೆ. ಅವರು ನಿವೃತ್ತ ಕನ್ನಡ ಮೇಷ್ಟರು, ಶಾಸನವೆಂದರೆ ಪ್ರಾಣ. ಆ ಭಾಗದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ 1:
ಮೇಷ್ಟರು ಬರುತ್ತಾರೆಂದರೆ ಕೊಪ್ಪಳದಿಂದಲೇ ಆರಂಭಿಸಿ. ಕನ್ನಡದ ತಿರುಳ ನಾಡನ್ನು ಹೇಳುವಾಗ ‘ಕವಿರಾಜಮಾರ್ಗ’ವು ಹೆಸರಿಸುವ ಕೊಪಣನಗರ ಇದೇ ಊರು; ಇಲ್ಲಿನ ಗವಿಮಠದಲ್ಲಿಯೂ ಪಾಲ್ಕಿಗುಂಡಿನಲ್ಲಿಯೂ ಅಶೋಕನ ಬಂಡೆಗಲ್ಲು ಶಾಸನಗಳಿವೆ.

ಮರುದಿನ ಇಟಗಿಗೆ ಹೋಗಿ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದ ಮಹಾದೇವ ದೇವಾಲಯವನ್ನು ಅಲ್ಲಿನ ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ, ಮತ್ತು ಅದು ಹೊಗಳಿಕೆಗೆ ಹೇಳಿದ ಮಾತಲ್ಲವೆಂಬುದು ಮಂಟಪದೊಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಕುಂಬಾರನ ತಿಗರಿಯ ಮೇಲೆ ತಿರುಗಿಸಿದಂತೆ ದುಂಡಾದ ಕಂಬಗಳಲ್ಲಿ ಬಳೆಯ ಮೇಲೆ ಬಳೆ ಏರಿಸಿದಂಥ ಸುತ್ತುಗಳಿವೆ. ಅವುಗಳ ಅಂಚು ಇಂದಿಗೂ ಮೊಂಡಾಗಿಲ್ಲ. ದಾರಿಯಲ್ಲೇ ಕುಕನೂರಿನ ನವಲಿಂಗ ಗುಡಿಯನ್ನೂ ನೋಡಬಹುದು, ಅದು ರಾಷ್ಟ್ರಕೂಟರ ಕಾಲದ್ದು. ಇಟಗಿಯಲ್ಲಿ ಮಾತ್ರ ಅರ್ಧ ದಿನವಾದರೂ ಇರಿ.

ಉತ್ತರ 2:
ಗಂಗಾವತಿ ಕಡೆಯ ಹಿರೇಬೆಣಕಲ್ ಬಿಡಬೇಡಿ. ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಮನೆಗಳು ನೂರಾರಿವೆ. ನಾವು ‘ಮೋರೇರ ಮನೆ’ ಎನ್ನುತ್ತೇವೆ. ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ್ದಾರೆ, ಕೆಲವದರಲ್ಲಿ ದುಂಡನೆಯ ಕಿಂಡಿ ಕೊರೆದಿದ್ದಾರೆ. ಅಲ್ಲಿಯೇ ದೊಡ್ಡ ಬಂಡೆಯೊಂದರ ಮೇಲೆ ಕಲ್ಲಿನ ನಗಾರಿ ಇದೆ. ಬಂದವರು ಚಪ್ಪಡಿಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುವುದನ್ನು ಕಂಡು ನನ್ನ ಹೊಟ್ಟೆ ಉರಿದಿದೆ. ನೀವು ದಯವಿಟ್ಟು ಹಾಗೆ ಮಾಡಬೇಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೊಪಣನಗರದ ವಿಷಯ ಓದಿ ಹೇಳಿದಾಗ ತಂದೆಯವರು ಆ ಪದ್ಯವನ್ನು ಬಾಯಲ್ಲೇ ಹೇಳಿಬಿಟ್ಟರು. ಮಂಡಿನೋವಿರುವ ಅವರು ಹಿರೇಬೆಣಕಲ್ ಗುಡ್ಡ ಏರಬಲ್ಲರೇ?

ಉತ್ತರ 2:
ಬೇಡ. ಕಲ್ಲುದಾರಿ, ನೆರಳಿಲ್ಲ, ಮೇಲೆ ಕುಡಿಯುವ ನೀರೂ ಸಿಗುವುದಿಲ್ಲ. ನೀವು ಊರಿನವರೊಬ್ಬರನ್ನು ಜೊತೆಗೆ ಕರೆದುಕೊಂಡು ನಸುಕಿನಲ್ಲೇ ಹತ್ತಿ ಬನ್ನಿ. ತಂದೆಯವರನ್ನು ಇನ್ನೊಂದು ದಿನ ಕಿನ್ನಾಳಕ್ಕೆ ಕರೆದೊಯ್ಯಿರಿ. ಅಲ್ಲಿನ ಚಿತ್ರಗಾರರ ಮನೆಗಳಲ್ಲಿ ಹಗುರ ಮರವನ್ನು ಕೆತ್ತಿ, ಮರದ ಹೊಟ್ಟನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟವನ್ನು ಮೆತ್ತಿ ಗೊಂಬೆ ಮಾಡುತ್ತಾರೆ. ಜಗುಲಿಯ ಮೇಲೆ ಕುಳಿತು ನೋಡುವ ಕೆಲಸವದು, ಮಂಡಿಗೆ ಶ್ರಮವಿಲ್ಲ. ಒಪ್ಪಿಗೆ ಕೇಳಿ ಒಳಗೆ ಹೋಗಿ. ಗೊಂಬೆ ಕೊಳ್ಳುವುದಾದರೆ ಮಾಡಿದವರ ಕೈಯಿಂದಲೇ ಕೊಳ್ಳಿ.