ತಡವಾಗಿ ಮನೆ ಸೇರಿದ ಮಕ್ಕಳು ಯೌವನದಲ್ಲಿ ಹೇಗಿರುತ್ತಾರೆ?

ಪ್ರಶ್ನೆ:
ಮೂರು ವರ್ಷ ದಾಟಿದ ಮಗುವನ್ನು ದತ್ತು ಪಡೆಯಲು ನಾವು ಸಿದ್ಧರಾಗುತ್ತಿದ್ದೇವೆ. ಶಿಶುಗೃಹದಲ್ಲಿ ಕಳೆದ ಮೊದಲ ವರ್ಷಗಳ ಕೊರತೆ ಎಂದಿಗೂ ತುಂಬುವುದಿಲ್ಲವೆಂದು ಬಂಧುಗಳು ಹೇಳುತ್ತಿದ್ದಾರೆ. ಇಂತಹ ಮಕ್ಕಳನ್ನು ಯೌವನದವರೆಗೆ ಗಮನಿಸಿದ ಸಂಶೋಧನೆ ಇದೆಯೇ?

ಉತ್ತರ 1:
ಇದೆ. ರೊಮೇನಿಯಾದಲ್ಲಿ 1989ರಲ್ಲಿ ಸರ್ವಾಧಿಕಾರಿ ಚೌಶೆಸ್ಕು ಆಡಳಿತ ಕುಸಿದ ಬಳಿಕ ಬ್ರಿಟನ್ನಿನ ಕುಟುಂಬಗಳಿಗೆ ದತ್ತು ಬಂದ 165 ಮಕ್ಕಳನ್ನು, ಅವರಲ್ಲಿ ಬಹುಪಾಲು ಅನಾಥಾಲಯಗಳಿಂದ ಬಂದವರು, ಬ್ರಿಟನ್ನಿನ ಮಕ್ಕಳ ಮನೋವೈದ್ಯ ಮೈಕೆಲ್ ರಟರ್ ಮತ್ತು ಸಂಗಡಿಗರು ದೊಡ್ಡವರಾಗುವವರೆಗೂ ಅಧ್ಯಯನ ಮಾಡಿದರು. ಅನಾಥಾಲಯದಲ್ಲಿ ಆರು ತಿಂಗಳಿಗಿಂತ ಕಡಿಮೆ ಇದ್ದವರು ಬ್ರಿಟನ್ನಿನಲ್ಲೇ ಹುಟ್ಟಿ ದತ್ತು ಹೋದ ಮಕ್ಕಳಂತೆಯೇ ಬೆಳೆದರು. ಹೆಚ್ಚು ಕಾಲ ಇದ್ದ ಹಲವರಲ್ಲಿ ಗಮನದ ಕೊರತೆ, ಅಪರಿಚಿತರೊಡನೆ ಅತಿಸಲುಗೆ ಯೌವನದಲ್ಲೂ ಉಳಿದವು. ಖಿನ್ನತೆ, ಆತಂಕಗಳು ಹದಿಹರೆಯದ ನಂತರ ಹೆಚ್ಚಾದವು. ಆದರೆ ಬಾಲ್ಯದಲ್ಲಿ ಹಿಂದುಳಿದಿದ್ದ ಬುದ್ಧಿಮಟ್ಟ ಯೌವನದ ವೇಳೆಗೆ ಸಾಮಾನ್ಯ ಮಟ್ಟಕ್ಕೆ ಬಂದಿತ್ತು, ಮತ್ತು ಹೆಚ್ಚು ಕಾಲ ಇದ್ದವರಲ್ಲೂ ಸುಮಾರು ಐದರಲ್ಲಿ ಒಬ್ಬರಿಗೆ ಇಂತಹ ಯಾವ ತೊಂದರೆಯೂ ಕಾಣಿಸಲಿಲ್ಲ. ನಿಮ್ಮ ಬಂಧುಗಳಿಗೆ ಇದನ್ನು ಖಂಡಿತ ತಿಳಿಸಿ.

ಉತ್ತರ 2:
ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ನಡೆದ ಅಧ್ಯಯನವನ್ನೂ ಗಮನಿಸಬೇಕು. ಅಲ್ಲಿನ ಸಂಸ್ಥೆಗಳಲ್ಲಿದ್ದ 136 ಶಿಶುಗಳಲ್ಲಿ ಅರ್ಧದಷ್ಟನ್ನು ಯಾದೃಚ್ಛಿಕವಾಗಿ (ಚೀಟಿ ಎತ್ತಿದಂತೆ) ಆರಿಸಿ, ತರಬೇತಿ ಪಡೆದ ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಎರಡು ವರ್ಷ ವಯಸ್ಸು ತುಂಬುವ ಮೊದಲೇ ಕುಟುಂಬ ಸೇರಿದವರಲ್ಲಿ ಬಾಂಧವ್ಯ ಹೆಚ್ಚು ಸುಭದ್ರವಾಗಿತ್ತು. ನನಗೆ ಇನ್ನೂ ಮುಖ್ಯವೆನಿಸುವುದು ಹನ್ನೆರಡನೆಯ ವಯಸ್ಸಿನ ಫಲಿತಾಂಶ: ಒಂದೇ ಪೋಷಕ ಕುಟುಂಬದಲ್ಲಿ ಸ್ಥಿರವಾಗಿ ಉಳಿದವರಲ್ಲಿ, ಮನೆ ಬದಲಾದವರಿಗಿಂತ ಮಾನಸಿಕ ತೊಂದರೆಗಳು ಕಡಿಮೆ ಇದ್ದವು.

ಉತ್ತರ 3:
ರೊಮೇನಿಯಾದ ಆ ಅನಾಥಾಲಯಗಳಲ್ಲಿ ಆಹಾರ, ಸ್ಪರ್ಶ, ಮಾತು ಎಲ್ಲದರ ಅಭಾವವೂ ತೀವ್ರವಾಗಿದ್ದುದರಿಂದ ಆ ಫಲಿತಾಂಶಗಳನ್ನು ನಿಮ್ಮ ಮಗುವಿಗೆ ನೇರವಾಗಿ ಅನ್ವಯಿಸಬೇಡಿ. ಮಗುವಿಗೆ ನಿತ್ಯ ಆರೈಕೆ ನೀಡುತ್ತಿದ್ದವರು ಯಾರು, ಅವರು ಎಷ್ಟು ಬಾರಿ ಬದಲಾದರು ಎಂದು ಸಂಸ್ಥೆಯವರನ್ನು ಕೇಳಿ. ಹದಿಹರೆಯದಲ್ಲಿ ಆಪ್ತಸಮಾಲೋಚಕರ ನೆರವು ಬೇಕಾದರೆ ಹಿಂಜರಿಯದೆ ಪಡೆಯಿರಿ.