ಸಹಾಯ ಬೇಕು: 5 ದಿನದ ಮಗು ಎದೆ ಹಿಡೀತಿಲ್ಲ
ನಮಸ್ಕಾರ, ನನ್ ತಂಗಿಗೆ ಸಿಸೇರಿಯನ್ ಆಗಿ ಇವತ್ತಿಗೆ 5 ದಿನ. ಹುಟ್ಟಿದಾಗ ಮಗು 2.9 ಕೆಜಿ, ಈಗ 2.7. ಮೊದಲ್ನೇ ದಿನ ಇವ್ಳು ಮಂಪರಲ್ಲಿದ್ಲು ಅಂತ ಆಸ್ಪತ್ರೇಲಿ ಬಾಟಲಲ್ಲಿ ಪೌಡರ್ ಹಾಲು ಕೊಟ್ರು, ಈಗ ಎದೆಗೆ ಹಾಕಿದ್ರೆ ತೊಟ್ಟಿನ ತುದಿ ಮಾತ್ರ ಚೀಪಿ ಎರಡೇ ನಿಮಿಷಕ್ಕೆ ಬಿಟ್ಟು ಕಿರುಚುತ್ತೆ, ತೊಟ್ಟು ಒಡೆದು ರಕ್ತ ಬರ್ತಿದೆ, ಅವ್ಳು ಸೆರಗು ಬಾಯಿಗಿಟ್ಕೊಂಡು ಅಳ್ತಾಳೆ, ನೋಡಕ್ಕಾಗಲ್ಲ. ಬಾಟಲ್ ನಿಲ್ಸಿ ಕೈಯಲ್ಲೇ ಹಾಲು ಹಿಂಡಿ ಒಳಲೇಲಿ ಕುಡಿಸ್ತಿದೀವಿ. ಹೊಲಿಗೆ ನೋಯತ್ತೆ ಅಂತ ಮಗೂನ ಕಂಕುಳಡಿ ಹಿಡ್ಕೊಂಡೂ ನೋಡಿದ್ವಿ. ಉಚ್ಚೆ ದಿನಕ್ಕೆ 6 ಸಲ ಹೋಗ್ತಿದೆ. ಆದ್ರೂ ಅವಳ ಅತ್ತೆ ಹಾಲು ಸಾಲ್ತಿಲ್ಲ ಪೌಡರ್ ಹಾಕಿ ಅಂತಾರೆ, ನರ್ಸಮ್ಮ ಬೇಡ್ವೇ ಬೇಡ ಅಂತಾರೆ. ಒಳಲೆ ಕೊಡ್ತಾನೇ ಮಗೂನ ಎದೆಗೆ ವಾಪಸ್ ತಂದೋರು ಯಾರಾದ್ರೂ ಇದೀರಾ? ತೊಟ್ಟಿನ ಸುತ್ತ ಇರೋ ಕಪ್ಪು ಭಾಗನೂ ಸೇರಿ ಬಾಯ್ತುಂಬ ಹಿಡಿಸೋದು ಹೇಗೆ, ಮೊದ್ಲು ಎದೆಗೆ ಹಾಕ್ಬೇಕಾ ಒಳಲೇನಾ?