ಲೈವ್ ರಾಕ್‌ಗೆ ‘ಹೆಪ್ಪುಗಲ್ಲು’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ. ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಬೆಳೆಸಲು ಹೊಸದಾಗಿ ಶುರು ಮಾಡುವವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಿಗೆ ಬರೆಯುತ್ತಿದ್ದೇನೆ. ‘ಎಂಥ ಕಲ್ಲು ಹಾಕಬೇಕು’ ಅನ್ನುವ ಅಧ್ಯಾಯದಲ್ಲಿ ಒಂದು ಪದಕ್ಕೆ ಸಿಕ್ಕಿಕೊಂಡಿದ್ದೇನೆ. ಅಂಗಡಿಯವರು, ಹವ್ಯಾಸಿಗಳು ಎಲ್ಲರೂ ಲೈವ್ ರಾಕ್ ಅಂತಾರೆ. ಕನ್ನಡದಲ್ಲಿ ಏನನ್ನೋಣ?

ಸತ್ತ ಹವಳಗಳ ಅಸ್ಥಿ ಸಮುದ್ರದಡಿ ಸುಣ್ಣದ ಕಲ್ಲಾಗಿ ಉಳಿದಿರುತ್ತದೆ. ಲೈವ್ ರಾಕ್ ಅನ್ನುವುದು ಇದಕ್ಕೇ. ಒಳಗೆಲ್ಲ ತೂತು. ಆ ತೂತುಗಳಲ್ಲಿ ಬ್ಯಾಕ್ಟೀರಿಯಾಗಳು ಮನೆ ಮಾಡಿಕೊಂಡು, ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಗಿನ ಮೂಲೆಗಳಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಆ ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಡುತ್ತವೆ. ಅಂದರೆ ಕಲ್ಲಿಗೆ ಜೀವ ಇಲ್ಲ, ಜೀವ ಇರುವುದು ಅದರೊಳಗೆ. ಅದಕ್ಕೇ ‘ಜೀವಂತ ಕಲ್ಲು’ ನನಗೆ ಒಗ್ಗುತ್ತಿಲ್ಲ. ‘ಹವಳದ ಕಲ್ಲು’ ಅಂದರೆ ಜನ ಉಂಗುರದ ಕೆಂಪು ಹರಳು ಅಂದುಕೊಳ್ಳುತ್ತಾರೆ. ‘ಹವಳದ ಬಂಡೆ’ ಅನ್ನೋಣ ಅಂದರೆ ಅದನ್ನು ಸಮುದ್ರದ ಇಡೀ ದಿಬ್ಬಕ್ಕೇ ಬಳಸುತ್ತೇವೆ.

ಹಸಿ ಕಟ್ಟಿಗೆ, ಒಣ ಕಟ್ಟಿಗೆ ಇದ್ದ ಹಾಗೆ ‘ಹಸಿಕಲ್ಲು’, ‘ಒಣಕಲ್ಲು’ ಅನ್ನಬಹುದೇನೋ ಅಂತಲೂ ಯೋಚಿಸಿದೆ. ಡ್ರೈ ರಾಕ್‌ಗೆ (ಒಳಗೆ ಜೀವ ಇಲ್ಲದ, ಒಣಗಿದ ಕಲ್ಲಿಗೆ) ಒಣಕಲ್ಲು ಸರಿಯಾಗಿ ಕೂರುತ್ತದೆ. ಆದರೆ ಹಸಿಕಲ್ಲು ಅಂದರೆ ಸುಮ್ನೆ ನೆನೆದ ಕಲ್ಲು ಅಂತ ಓದಿಕೊಳ್ಳುತ್ತಾರೆ. ಒಣಕಲ್ಲನ್ನು ನೀರಿಗೆ ಹಾಕಿದ ತಕ್ಷಣ ಹಸಿಕಲ್ಲು ಆಗುವುದಿಲ್ಲ ಅಲ್ವಾ?

ಈಗ ತೊಟ್ಟಿ ಕಟ್ಟುವ ಕ್ರಮವೂ ಬದಲಾಗಿದೆ. ಮೊದಲು ಫಿಜಿಯ ಕಲ್ಲಿಗೆ ಬಹಳ ಹೆಸರಿತ್ತು, 2018ರ ಹೊತ್ತಿಗೆ ಆ ದೇಶ ಅದರ ರಫ್ತನ್ನೇ ನಿಲ್ಲಿಸಿತು. ನಮ್ಮಲ್ಲಂತೂ 2001ರಿಂದ ಕಲ್ಲುಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಿಂದ ಒಂದು ತುಂಡು ಎತ್ತಿಕೊಂಡು ಬಂದೆ ಅನ್ನುವ ಹಾಗಿಲ್ಲ. (ಇದನ್ನು ಹೊತ್ತಿಗೆಯಲ್ಲಿ ದಪ್ಪಕ್ಷರದಲ್ಲೇ ಹಾಕುತ್ತೇನೆ.) ಹಾಗಾಗಿ ಒಣಕಲ್ಲನ್ನೇ ಜೋಡಿಸಿ, ಆಗಲೇ ಹದಕ್ಕೆ ಬಂದಿರುವ ಇನ್ನೊಬ್ಬರ ತೊಟ್ಟಿಯಿಂದ ಚಿಕ್ಕದೊಂದು ಕಲ್ಲು ತಂದಿಡುವವರು ಜಾಸ್ತಿ. ಅದರಿಂದ ಬ್ಯಾಕ್ಟೀರಿಯಾ ಕೆಲವು ವಾರಗಳಲ್ಲಿ ಉಳಿದ ಕಲ್ಲುಗಳಿಗೂ ಹಬ್ಬುತ್ತದೆ. ಪಕ್ಕದ ಮನೆಯಿಂದ ಒಂದು ಚಮಚ ಮೊಸರು ಇಸ್ಕೊಂಡು ಬಂದು ಹಾಲಿಗೆ ಹೆಪ್ಪು ಹಾಕುವುದೂ ಇದೇ ಕೆಲಸ! ಅಲ್ಲಿಂದಲೇ ‘ಹೆಪ್ಪುಗಲ್ಲು’ ಹೊಳೆದದ್ದು.

ಒಂದೇ ಅಳುಕು. ‘ಹೆಪ್ಪುಗಟ್ಟು’ ಅನ್ನುವುದು ರಕ್ತಕ್ಕೂ ಎಣ್ಣೆಗೂ ಬರುತ್ತದೆ, ಹಾಗಾಗಿ ಯಾರಾದರೂ ಇದನ್ನು ಲಾವಾ ಹೆಪ್ಪುಗಟ್ಟಿ ಆದ ಕಲ್ಲು ಅಂದುಕೊಂಡರೆ? ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಟ್ಟರೆ ಸಾಕು ಅಂತ ನನಗನಿಸುತ್ತದೆ, ನಿಮಗೆ?

ಜೊತೆಗೆ ಇನ್ನೊಂದು. ಸಮುದ್ರದಿಂದ ಬಂದ ಕಲ್ಲಿನ ಮೇಲೆ ಸತ್ತದ್ದೆಲ್ಲ ಕೊಳೆತು ಮುಗಿಯುವವರೆಗೆ ಅದನ್ನು ಬೇರೆ ಉಪ್ಪುನೀರಿನಲ್ಲಿ ವಾರಗಟ್ಟಲೆ ಇಡುತ್ತಾರೆ, ಅದಕ್ಕೆ ಕ್ಯೂರಿಂಗ್ ಅಂತಾರೆ. ಹೊಸ ಕಾವಲಿ ಪಳಗಿಸುವ ಹಾಗೆ ಇದನ್ನೂ ‘ಕಲ್ಲು ಪಳಗಿಸುವುದು’ ಅಂತ ಬರೆದಿದ್ದೇನೆ. ಇದನ್ನು ಬದಲಿಸುವ ಮನಸ್ಸಿಲ್ಲ.

ಕರಾವಳಿಯವರಿಗೆ ಒಂದು ಕೇಳಿಕೆ: ಬಲೆಗೆ ಸಿಕ್ಕಿ ಬರುವ ಇಂಥ ತೂತುತೂತಾದ ಸುಣ್ಣದ ಕಲ್ಲಿಗೆ ನಿಮ್ಮ ಕಡೆ ಮೀನುಗಾರರು ಏನನ್ನುತ್ತಾರೆ? ಮುರಕಲ್ಲಿನ ಬಗ್ಗೆ ಕೇಳುತ್ತಿಲ್ಲ; ಅದರಲ್ಲೂ ತೂತಿರುತ್ತದೆ, ಆದರೆ ಅದು ಕಬ್ಬಿಣದ ಅಂಶ ತುಂಬಿದ ಬೇರೆಯೇ ಕಲ್ಲು. ಆಡುಮಾತಿನಲ್ಲಿ ಆಗಲೇ ಪದ ಇದ್ದರೆ ನನ್ನ ಹೆಪ್ಪುಗಲ್ಲನ್ನು ಬಿಟ್ಟು ಅದನ್ನೇ ಹಾಕುತ್ತೇನೆ.